ಹಳದಿ ಹಾಳೆ

ಚಾಚಾನ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಮೈದಾ ಅಂಟು ಒಣಗಿ ಬೆಳ್ಳಗೆ ಕಟ್ಟಿಕೊಂಡಿರುತ್ತಿತ್ತು. ಮಾತಿನ ನಡುವೆ ಅದನ್ನು ಕೆರೆಯುವುದು ಅವರ ಚಟ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಅವರದು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ. ಹೊನವಾಡದಿಂದ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದ ನಾನು, ಸಂಜೆಯ ಬಸ್ಸು ಬರುವವರೆಗೆ ಅಲ್ಲೇ ಕೂತು ಆಕಾಶದಲ್ಲಿ ಹಾರುವ ನಾಯಕನ ಚಿತ್ರಕಥೆಗಳನ್ನು ಓದುತ್ತಿದ್ದೆ.

ಆ ಕಥೆಗಳು ಬರುತ್ತಿದ್ದ ಮಾಸಿಕದ ಎಲ್ಲ ಸಂಚಿಕೆಗಳನ್ನೂ ಚಾಚಾ ತಮಗಾಗಿ ಹೊಲಿದು ಇಟ್ಟುಕೊಂಡಿದ್ದರು. ಬರೆಯುವವರು ಬದಲಾದಲ್ಲೆಲ್ಲ ನಡುವೆ ಒಂದು ಖಾಲಿ ಹಳದಿ ಹಾಳೆ. ಅದು ಅವರ ರಿವಾಜು.

ಒಮ್ಮೆ ಬರೆಯಲು ಬಂದ ಹೊಸಬನೊಬ್ಬ ನಮ್ಮ ನಾಯಕನ ಬಾಯಲ್ಲಿ ತಾಯಿಗೆ ಒರಟು ಮಾತು ಆಡಿಸಿದ. ನನಗೆ ಸಿಟ್ಟು ನೆತ್ತಿಗೇರಿ ಪುಸ್ತಕವನ್ನು ಮೂಲೆಗೆ ಒಗೆದೆ.

"ಯಾಕ ಬೇಟಿ, ಮಾರಿ ಉಬ್ಬಿಸೀದಿ?"

"ಇಂವ ನಮ್ಮಾಂವ ಅಲ್ರಿ ಚಾಚಾ!"

ಚಾಚಾ ನಕ್ಕರು. "ಕೂಸು ಅದs ಐತಿ. ಎತ್ಕೊಂಡಾವ್ರು ಬದಲಾಗ್ಯಾರ. ಹೊಸಾ ಕೈಯಾಗ ಸ್ವಲ್ಪ ಅಳ್ತೈತಿ, ಆಮ್ಯಾಲ ಸುಮ್ಮಾಗ್ತೈತಿ."

ವರ್ಷಗಳ ಮೇಲೆ ಅದೇ ಕೂಸು ನನ್ನ ಕೈಗೆ ಬಂತು. ಆ ಮಾಸಿಕಕ್ಕೆ ಬರೆಯುವ ಕೆಲಸ ಸಿಕ್ಕಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೆಸರು ಮಾಡಬೇಕೆಂಬ ಹುಕಿಯಲ್ಲಿ ಮೊದಲ ಸಂಚಿಕೆಯಲ್ಲೇ ನಾಯಕನ ತಾಯಿಯನ್ನು ಕೊಂದೆ! ಒರಟು ಮಾತಿಗೇ ಪುಸ್ತಕ ಒಗೆದವಳು ನಾನು.

ಅಂಗಡಿಗೆ ಒಯ್ದು ಕೊಟ್ಟಾಗ ಚಾಚಾ ಎರಡು ಸಲ ಓದಿದರು. ಹಳದಿ ಹಾಳೆ ತೆಗೆಯಲಿಲ್ಲ, ಸೂಜಿಯನ್ನೂ ಮುಟ್ಟಲಿಲ್ಲ. ಸಂಚಿಕೆಯನ್ನು ಬಿಡಿಯಾಗಿಯೇ ಗೂಡಿನಲ್ಲಿಟ್ಟರು.

"ಹೊಲಿಯಂಗಿಲ್ಲೇನ್ರಿ?"

"ಇನ್ನಷ್ಟು ಬರ್ಲಿ, ನೋಡೂಣು."

"ಈಗ ಬರಿಯಾಕಿ ನಾನs ಅಲ್ರಿ?"

"ಹೌದವಾ, ನೀನs ಬರೀತಿ. ಆದ್ರ ಕಥಿಯೊಳಗಿನ ಅಂವ ನಿನಕಿಂತ ಹಿರ್ಯಾ ಅದಾನ."

ಆ ಮಾತು ಚುಚ್ಚಿತು. ಯಾರೂ ಪ್ರಶಸ್ತಿ ಕೊಡದಿದ್ದರೂ ನಡೆಯುತ್ತಿತ್ತು, ಚಾಚಾನ ಆ ಕಟ್ಟಿನಲ್ಲಿ ನನಗೆ ಜಾಗ ಬೇಕಿತ್ತು. ಐದನೇ ಸಂಚಿಕೆಯಲ್ಲಿ ತಾಯಿಯನ್ನು ಬದುಕಿಸಿದೆ. ಮನುಷ್ಯ ಹಾರುತ್ತಾನೆಂದು ನಂಬಿದ ಓದುಗರು ಇದನ್ನೂ ನಂಬಿದರು. ಸಂಚಿಕೆಯನ್ನು ಚಾಚಾನಿಗೆ ಅಂಚೆಯಲ್ಲಿ ಕಳಿಸಿದೆ. ಅವರ ಉತ್ತರ ಬರಲಿಲ್ಲ, ತೀರಿಕೊಂಡ ಸುದ್ದಿ ಬಂತು.

ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಮಗಳು ಒಂದು ಕಟ್ಟು ತಂದು ನನ್ನ ಕೈಗಿಟ್ಟಳು. ಒಂದು ಹಳದಿ ಹಾಳೆ, ಅದರ ಹಿಂದೆ ನನ್ನ ಐದೂ ಸಂಚಿಕೆಗಳು. ಹೊಲಿಗೆ ಸ್ವಲ್ಪ ಸೊಟ್ಟಗಿತ್ತು. ನಾನು ಅಲ್ಲೇ ಅತ್ತುಬಿಟ್ಟೆ. ಪುಟ ತಿರುವಿದರೆ ಕೊನೆಯಲ್ಲಿ ಇನ್ನೊಂದು ಹಳದಿ ಹಾಳೆ.

"ಇದ್ಯಾಕವಾ?"

"ಮುಂದಿನಾವ್ರು ಬರ್ತಾರಲ್ಲ, ಅವ್ರಿಗೆ ಅಂತ ನಮ್ಮ ಅಬ್ಬಾ ಹೇಳಿದ್ರರಿ."

ಈ ವರ್ಷ ನಾನು ಆ ಕೆಲಸ ಬಿಟ್ಟೆ. ನನ್ನ ಕೊನೆಯ ಸಂಚಿಕೆಯ ಕೊನೆಯ ಚಿತ್ರದಲ್ಲಿ ತಾಯಿ ಬಾಗಿಲಲ್ಲಿ ನಿಂತು ಮಗನನ್ನು ಊಟಕ್ಕೆ ಕರೆಯುತ್ತಿದ್ದಾಳೆ. ಅವನು ಒಳಗೆ ಬರುವುದನ್ನು ನಾನು ಬರೆಯಲಿಲ್ಲ, ಮುಂದಿನವರಿಗೆ ಬಿಟ್ಟಿದ್ದೇನೆ.