ಪುರಾಣದಲ್ಲಿಲ್ಲದ ಸಾಲು

ಶ್ರಾವಣದ ಮಧ್ಯಾಹ್ನಗಳೆಂದರೆ ನನಗೆ ಈಗಲೂ ಅರೆನಿದ್ದೆ. ವಿಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ವ್ಯಾಸಪೀಠದ ಮೇಲೆ ಪುರಾಣ, ಎದುರಿಗೆ ಕಣ್ಣು ಮುಚ್ಚಿ ಕುಳಿತ ಅತ್ತೆ, ಹೊಸಹಳ್ಳಿ ಕಡೆಯಿಂದ ಹಾಯುವ ಮೆಟ್ರೋದ ಸದ್ದು. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ಓದುವ ಕೆಲಸ ಸೊಸೆಯಾದ ನನ್ನ ಪಾಲಿಗೆ ಬಂತು. ಊದಿನಕಡ್ಡಿಯ ಹೊಗೆಯಲ್ಲಿ ಅಕ್ಷರಗಳು ತೇಲುತ್ತಿದ್ದವು. ಓದುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ಎಷ್ಟೋ ಸಲ ನನಗೇ ತಿಳಿಯುತ್ತಿರಲಿಲ್ಲ.

ಹೊಸ್ತಿಲಾಚೆ, ಮೊರದಲ್ಲಿ ಅಕ್ಕಿ ಆರಿಸುತ್ತ, ಮನೆಯವರೆಲ್ಲ ಅಕ್ಕ ಎನ್ನುತ್ತಿದ್ದ ಆಳು ಕೂರುತ್ತಿದ್ದಳು. ಅತ್ತೆ ಮದುವೆಯಾಗಿ ಬಂದಾಗ ಪಾತ್ರೆ ಪಡಗ, ಆಕಳುಗಳ ಜೊತೆ ತವರಿನವರು ಬಳುವಳಿ ಕೊಟ್ಟು ಕಳಿಸಿದ ಹುಡುಗಿ ಅವಳು. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಸಂಬಳವೂ ಇಲ್ಲ, ರಜೆಯೂ ಇಲ್ಲ. ಮನೆಯವಳೇ ಅಲ್ಲವೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅಂದುಕೊಳ್ಳುವುದಕ್ಕೆ ನಮ್ಮ ಗಂಟೇನು ಹೋಗಬೇಕು?

ಆ ವರ್ಷ ಮಲ್ಲತ್ತಹಳ್ಳಿಯಲ್ಲಿದ್ದ ಅವಳ ತಂಗಿ, ಕಡೆಗಾಲದಲ್ಲಾದರೂ ಜೊತೆಗಿರೋಣ ಬಾ ಎಂದು ಹೇಳಿಕಳಿಸಿದಳು. ಹೋಗಲೇ ಎಂದು ಅಕ್ಕ ಕೇಳಿದಾಗ ಅತ್ತೆ ಗದರಲಿಲ್ಲ. "ಸೇವಾ ಬಿಟ್ಟು ಹೋದ್ರ ಮುಂದಿನ ಜನ್ಮಕ್ಕೂ ಆಳಾಗೇ ಹುಟ್ಟಬೇಕಾಗತೈತಿ. ನಾ ಹೇಳೂದಲ್ಲ, ಪುರಾಣದಾಗೈತಿ," ಎಂದರು ಅಷ್ಟೇ.

ಇತ್ತು. ಒಡೆಯನ ಪಾದವೇ ಕೈಲಾಸವೆಂದು ನಂಬಿ ಸವೆದುಹೋದ ದಾಸಿಯ ಕಥೆ, ಮರುದಿನದ ಅಧ್ಯಾಯದಲ್ಲಿ. ಪುಟ ತಿರುವಿ ನೋಡಿ ನನಗೆ ಮೈಯೆಲ್ಲ ಉರಿಯಿತು.

ಮರುದಿನ ಆ ಕಥೆಯ ಕೊನೆಗೆ ಬಂದಾಗ, ಕನಸಿನಲ್ಲಿ ಬರುತ್ತದಲ್ಲ, ಅಂಥದೊಂದು ಧೈರ್ಯ ಬಂತು. ರಾಗ ಬದಲಿಸದೆ ಓದಿದೆ: ಒಡೆಯನು ಬಾಗಿಲು ತೆರೆದು, ನಿನ್ನ ಸೇವೆ ಮುಗಿಯಿತು ತಾಯಿ, ನಿನ್ನವರ ಬಳಿಗೆ ಹೋಗು ಎಂದನು. ಹೊಸ್ತಿಲಾಚೆ ಮೊರದ ಸದ್ದು ನಿಂತಿತು.

ನಮ್ಮ ಮನೆಯ ಪದ್ಧತಿಯಲ್ಲಿ ಒಂದು ಸಾಲು ಬಿಟ್ಟರೂ ಸೇರಿಸಿದರೂ ಅಧ್ಯಾಯವನ್ನು ಮೊದಲಿನಿಂದ ಓದಬೇಕು. ಐವತ್ತು ವರ್ಷ ಅದನ್ನೇ ಓದಿ, ಕೇಳಿದ ಅತ್ತೆ ಕಣ್ಣು ತೆರೆಯದೆ, "ಮೊದ್ಲಿಂದ ಓದವಾ," ಎಂದರು.

ಓದಿದೆ. ಈ ಸಲ ಇದ್ದದ್ದು ಇದ್ದ ಹಾಗೆ. ದಾಸಿ ಒಡೆಯನ ಕಾಲ ಬಳಿಯೇ ಪ್ರಾಣ ಬಿಟ್ಟಳು, ಹೂಮಳೆ ಸುರಿಯಿತು, ಅತ್ತೆ ಕೈಮುಗಿದರು. ನನ್ನ ಪುಕ್ಕಲುತನಕ್ಕೆ ನನಗೇ ಅಸಹ್ಯವಾಯಿತು.

ಅಡುಗೆಮನೆಗೆ ಹೋಗಿ ಅಕ್ಕನ ಮುಂದೆ ನಿಂತೆ. "ತಪ್ಪಾಯ್ತು ಅಕ್ಕಾ. ಆ ಸಾಲು ಪುಸ್ತಕದಲ್ಲಿ ಇಲ್ಲ, ನಾನೇ ಸೇರಿಸ್ದೆ."

"ಗೊತ್ತೈತ್ರಿ. ನಾನೂ ನಿಮ್ಮತ್ತಿಯವರಷ್ಟೇ ವರ್ಷ ಕೇಳೀನಲ್ಲ." ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನಾಳಿ ಮುಂಜಾನಿ ಹೊಂಟೀನಿ. ಮುಂದಿನ ಜನ್ಮ ಬಂದಾಗ ನೋಡ್ಕೋತೀನಿ."

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ.

"ನೀವು ಈ ಮನಿಗೆ ಬಂದು ಆರು ವರ್ಷಾತು. ನನಗ ಹೋಗು ಅನ್ನಾಕ ನಿಮಗ ಪುರಾಣ ಯಾಕ ಬೇಕಾತ್ರಿ?"