ಪೌಡರ್ ತೋರಿಸಿದ ಎಣ್ಣೆಯ ಜಾಡು

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಬೊರಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲಿಸುತ್ತಿದ್ದ ನನ್ನ ಹಳೆಯ ಕಾರಿನಿಂದ ದಿನವೂ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿತ್ತು. ಗದಗಿನ ಕಡೆಯಿಂದ ಬಂದು ದಹಿಸರ್‌ನಲ್ಲಿ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್ ಎರಡು ಸಲ ನೋಡಿದರೂ ಅದು ನಿಲ್ಲಲಿಲ್ಲ. ನಾನು ಮತ್ತೆ ಮತ್ತೆ ಬರಲೆಂದು ಅವನೇ ಏನೋ ಸಡಿಲಿಸಿ ಕಳಿಸುತ್ತಾನೆಂದು ನನಗೆ ಗುಮಾನಿ. ಮೂರನೆಯ ಸಲ ಅವನ ಕೈಯ ಮೇಲೇ ಕಣ್ಣಿಟ್ಟು ನಿಂತೆ.

ಅವನು ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು ಒರೆಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಗಾಡಿ ಚಾಲೂ ಮಾಡಿದ. ಸ್ವಲ್ಪ ಹೊತ್ತಿನಲ್ಲೇ ಮೇಲಿನ ಮುಚ್ಚಳದ ಅಂಚಿನಿಂದ ಬಿಳಿ ಪೌಡರಿನ ಮೇಲೆ ಕಪ್ಪು ಗೆರೆಯೊಂದು ಇಳಿಯಿತು. ಮುಚ್ಚಳ ಬಿಚ್ಚಿದರೆ, ಎಣ್ಣೆ ಸೋರದಂತೆ ಅದರಡಿ ಕೂರಿಸುವ ಪ್ಯಾಕಿಂಗ್ ಸೀಳಿಹೋಗಿತ್ತು.

"ಈ ನಟ್ ಇಷ್ಟು ಯಾರ್ ಬಿಗಿದಾರ್ರೀ ಸಾಹೇಬ್ರ? ಹಿಂಗ್ ಬಿಗಿದ್ರ ಪ್ಯಾಕಿಂಗ್ ಸೀಳದ ಇರ್ತದೇನ್ರೀ? ನಾ ಅಂತೂ ಅಲ್ಲ," ಎಂದು ನನ್ನನ್ನೇ ದಿಟ್ಟಿಸಿದ.

ಅವನ ಕೆಲಸ ನಂಬದೆ, ಪ್ರತಿ ಸಲ ಮನೆಗೆ ಬಂದು ಪಾನಾ ಹಿಡಿದು ಆ ನಟ್ಟನ್ನು ಇನ್ನಷ್ಟು ಬಿಗಿಯುತ್ತಿದ್ದವನು ನಾನೇ. ನಾಚಿಕೆಯಿಂದ ಒಪ್ಪಿಕೊಂಡೆ.