ಅತ್ತಿಗೆಯನ್ನು ಬಿಟ್ಟು ಮಲ್ಪೆಗೆ ಹೋದದ್ದು

ಬೆಳಿಗ್ಗೆ ಐದೂವರೆಗೆ ನಮ್ಮ ಗಾಡಿ ಶೀಳನೆರೆ ದಾಟಿತು. ಹನ್ನೆರಡು ಸೀಟಿನ ಬಾಡಿಗೆ ಗಾಡಿ, ಕೂತವರು ಹನ್ನೊಂದು ಜನ. ಎರಡನೆಯ ಸಾಲಿನ ಕಿಟಕಿ ಪಕ್ಕದ ಸೀಟು ಖಾಲಿ ಉಳಿದಿತ್ತು. ನನ್ನ ಹೆಂಡತಿ ಪ್ರೇಮ ಪುಳಿಯೋಗರೆಯ ದೊಡ್ಡ ಡಬ್ಬಿಯನ್ನು ಅಲ್ಲಿಟ್ಟು, ತಿರುವಿನಲ್ಲಿ ಉರುಳದಿರಲೆಂದು ಅದಕ್ಕೆ ಸೀಟಿನ ಬೆಲ್ಟು ಹಾಕಿದಳು. ಆ ಪುಳಿಯೋಗರೆ ಕಲಸಿದವರೂ ಆ ಸೀಟಿನಲ್ಲಿ ಕೂರಬೇಕಾಗಿದ್ದವರೂ ಒಬ್ಬರೇ, ನನ್ನ ಅಣ್ಣನ ಹೆಂಡತಿ ಸಾಕಮ್ಮತ್ತಿಗೆ. ಅವರು ಆಗ ಊರಿನಲ್ಲಿ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು.

ನಮ್ಮ ಮನೆಯ ಪ್ರವಾಸಗಳಿಗೆಲ್ಲ ನಾನೇ ಯಜಮಾನ. ಕೆ.ಆರ್. ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ, ಆದರೆ ಸುಟ್ಟ ಪಂಪ್‌ಸೆಟ್ಟಿಗಿಂತ ರಸ್ತೆ, ಲಾಡ್ಜು, ಊಟದ ಹೋಟೆಲುಗಳ ವಿಷಯದಲ್ಲೇ ನನ್ನ ತಲೆ ಚುರುಕು. ಧರ್ಮಸ್ಥಳ, ಊಟಿ, ತಿರುಪತಿ ಎಲ್ಲಕ್ಕೂ ಜನ ಕೂಡಿಸಿ ಹೊರಡಿಸಿದವನು ನಾನು. ಎಲ್ಲ ಸಲವೂ ಊರಲ್ಲಿ ಉಳಿದವರು ಅತ್ತಿಗೆ. ಅಣ್ಣನ ಮನೆಯಲ್ಲಿ ಕರೆಯುವ ಹಸು ಇಲ್ಲದ ದಿನವಿಲ್ಲ. ಈಗಿರುವ ಸೀಮೆ ಹಸು ರಾಣಿಯಂತೂ ಅತ್ತಿಗೆಯ ಕೈಗಲ್ಲದೆ ಇನ್ನೊಬ್ಬರಿಗೆ ಹಾಲು ಇಳಿಸುವುದಿಲ್ಲ. ಪ್ರೇಮ ಒಮ್ಮೆ ಕೂತು ಒದೆಸಿಕೊಂಡಿದ್ದಳು. ಒಂದು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಹಸುವೇ ಕೆಡುತ್ತದೆ.

ಈ ಸಲ ಹಾಗಾಗಬಾರದಿತ್ತು. ಯುಗಾದಿಯ ಮಾರನೆಯ ದಿನ ಯಾರೋ ಕಳಿಸಿದ ಕಡಲ ದೃಶ್ಯವನ್ನು ನನ್ನ ಫೋನಿನಲ್ಲಿ ಅತ್ತಿಗೆಗೆ ತೋರಿಸಿದ್ದೆ. ಅವರು ಫೋನನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಈ ನೀರು ಎಲ್ಗೂ ಓಗಾಕಿಲ್ವಾ? ನಮ್ಮ ಕಾಲುವೆ ನೀರು ಕಡೆಗೆ ಓಗಿ ಸೇರೋದು ಇಲ್ಗೇಯಾ?" ಎಂದು ಕೇಳಿದರು.

ನಮ್ಮ ಹೇಮಾವತಿ ನೀರು ಕಾವೇರಿಗೆ ಸೇರಿ ಮೂಡಣ ಕಡಲಿಗೆ ಹೋಗುತ್ತದೆ, ಚಿತ್ರದಲ್ಲಿದ್ದದ್ದು ಪಡುವಣ ಕಡಲು. ಅಷ್ಟು ನನಗೆ ಗೊತ್ತಿತ್ತು. ಆದರೂ ವಿವರಿಸುವ ಸೋಮಾರಿತನಕ್ಕೆ ಹೂಂ ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲದೆ, ಈ ಬೇಸಿಗೆಗೆ ಮಲ್ಪೆ, ಅದೂ ಅತ್ತಿಗೆಗಾಗಿಯೇ ಎಂದು ಮನೆಮಂದಿಯ ಮುಂದೆ ದೊಡ್ಡ ದನಿಯಲ್ಲಿ ಹೇಳಿದೆ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮದುವೆಯಾಗಿ ಬಂದಾಗ ನಾನಿನ್ನೂ ನಾಲ್ಕನೇ ಕ್ಲಾಸು, ನನ್ನ ತಲೆ ಬಾಚಿ ಸ್ಕೂಲಿಗೆ ಕಳಿಸಿದವರು ಅವರು. ಹಾಗೆ ನಕ್ಕದ್ದನ್ನು ನಾನು ಹೆಚ್ಚು ನೋಡಿರಲಿಲ್ಲ.

ಒಂದು ತಿಂಗಳು ಯೋಜನೆ ನಡೆಯಿತು. ಮಕ್ಕಳಿಗೆ ರಜೆ ಇರಬೇಕು, ಮಂಗಳವಾರ ಹೊರಡಬಾರದು, ಅಮಾವಾಸ್ಯೆ ಹುಣ್ಣಿಮೆ ಬೇಡ, ಆಗ ಅಲೆ ದೊಡ್ಡದು. ಮಧ್ಯಾಹ್ನದ ಬಿಸಿಲಿಗೆ ಮರಳು ಕಾದಿರುವುದರಿಂದ ಮೂರು ಗಂಟೆಯ ಮೇಲೆ ನೀರಿಗಿಳಿಯುವುದು, ಸೂರ್ಯ ಮುಳುಗುವುದನ್ನು ನೋಡಿ ಲಾಡ್ಜಿಗೆ, ಮರುದಿನ ಬೆಳಿಗ್ಗೆ ತಿಂಡಿ ತಿಂದು ವಾಪಸ್ಸು. ಎಲ್ಲ ನಿಕ್ಕಿಯಾಯಿತು, ರಾಣಿಯೊಬ್ಬಳನ್ನು ಬಿಟ್ಟು. ಅದಕ್ಕೂ ದಾರಿ ಸಿಕ್ಕಿತು. ಎದುರು ಮನೆಯ ಜವರಣ್ಣನ ತಾಯಿ ಹೇಳಿದ ಹಳೆಯ ಉಪಾಯ: ದಿನಾ ಕರೆಯುವವಳ ಸೀರೆಯನ್ನು ಒಗೆಯದೆ ಹಾಗೇ ಉಟ್ಟುಕೊಂಡು ಕೂತರೆ ಹಸು ವಾಸನೆಗೆ ಮೋಸ ಹೋಗಿ ಹಾಲು ಇಳಿಸುತ್ತದೆ. ಅಣ್ಣನಿಗೆ ಪ್ರಯಾಣವೆಂದರೆ ಮೊದಲೇ ಆಗದು. ಅವನು ಉಳಿದು, ಅತ್ತಿಗೆಯ ಕೊಟ್ಟಿಗೆ ಸೀರೆ ಉಟ್ಟು ಎರಡು ದಿನ ಕರೆದರೆ ಮುಗಿಯಿತು.

ಅಣ್ಣ ಕೆಂಡವಾದ. "ಪಂಚಾಯ್ತಿ ಮೆಂಬರ್ ಆಗಿದ್ದೋನು ಕಣ್ಲಾ ನಾನು. ಸೀರೆ ಉಟ್ಕೊಂಡು ಕೊಟ್ಟಿಗೇಲಿ ಕುಂತ್ಕೊಳಾದಾ?" ಎಂದ.

ಇದರಲ್ಲಿ ನಾಚಿಕೆ ಏನಿದೆ, ನಾನೇ ತೋರಿಸುತ್ತೇನೆ ಎಂದು ಆ ಸಂಜೆ ನಾನೇ ಉಟ್ಟೆ. ಗೂಟಕ್ಕೆ ನೇತುಹಾಕಿದ್ದ ಬಣ್ಣಗೆಟ್ಟ ನೀಲಿ ಸೀರೆ, ಸಗಣಿ, ಬೂಸ, ಹಾಲು ಎಲ್ಲದರ ವಾಸನೆ. ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಕೂತೆ. ರಾಣಿ ಒಮ್ಮೆ ಮೂಸಿತು, ಕಿವಿ ಅಲ್ಲಾಡಿಸಿತು, ಸುಮ್ಮನಾಯಿತು. ಹಾಲು ಇಳಿಸಿತು ಕೂಡ. ಪಾತ್ರೆ ಕಾಲು ಭಾಗ ತುಂಬುವ ಹೊತ್ತಿಗೆ ಹಗ್ಗ ಕೇಳಲು ಬಂದ ಜವರಣ್ಣ ಬಾಗಿಲು ತಳ್ಳಿದ. ಆಮೇಲೆ ಅವನು ನಕ್ಕ ನಗು ಕೇರಿಗೆಲ್ಲ ಕೇಳಿಸಿತು. ಮರುದಿನ ಟೀ ಅಂಗಡಿಯಲ್ಲಿ ನನಗೆ ಸಾಕಮ್ಮನ ತಂಗಿ ಎಂದು ಹೆಸರಿಟ್ಟಾಗಿತ್ತು.

ಅಲ್ಲಿಗೆ ನನ್ನ ವೀರಾವೇಶ ಇಳಿಯಿತು. ಹಸು ಒಪ್ಪಿತ್ತು, ಒಪ್ಪದವರು ನಾವು. ಮನೆಗೆ ಬಂದು ಇದೆಲ್ಲ ಆಗದ ಮಾತು ಎಂದೆ. ಅಣ್ಣ, ನಾನು ಹೇಳಿರಲಿಲ್ಲವಾ ಎಂದ. ಯಾರೂ ಪ್ರವಾಸ ನಿಲ್ಲಿಸೋಣ ಎನ್ನಲಿಲ್ಲ, ಗಾಡಿಗೆ ಮುಂಗಡ ಕೊಟ್ಟಾಗಿತ್ತು. ಅತ್ತಿಗೆ ಒಲೆಯ ಮುಂದಿನಿಂದಲೇ ಹೇಳಿದರು: "ಬುಡಪ್ಪ, ನೀವ್ ಓಗ್ಬನ್ನಿ. ನಂಗೊಂದು ಬಾಟ್ಲಿ ನೀರು ತಂದ್ಕೊಡು ಸಾಕು. ನಿಜ್ವಾಗ್ಲೂ ಉಪ್ಪಾ ಅಂತ ನೋಡ್ಬೇಕು." ಹೊರಡುವ ದಿನ ಜ್ಯೂಸಿನ ಖಾಲಿ ಬಾಟಲಿಯೊಂದನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಗುರುತಿಗೆಂದು ಕತ್ತಿಗೆ ಕೆಂಪು ದಾರ ಕಟ್ಟಿ ನನ್ನ ಕೈಗೇ ಕೊಟ್ಟರು.

ಕಿಕ್ಕೇರಿ, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರದ ಹತ್ತಿರ ಗಾಡಿ ನಿಲ್ಲಿಸಿ ಪುಳಿಯೋಗರೆ ತಿಂದೆವು. ಕಡಲೆಬೀಜ ಧಾರಾಳವಾಗಿ ಬಿದ್ದಿತ್ತು. ಪ್ರಯಾಣವೆಂದರೆ ಆಗದ ಅಣ್ಣ ಈಗ ಡ್ರೈವರ್ ಪಕ್ಕದ ಸೀಟು ಹಿಡಿದು ಎಲ್ಲರಿಗಿಂತ ಉತ್ಸಾಹದಲ್ಲಿದ್ದ. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲು, ಎರಡು ಕಡೆ ರಸ್ತೆ ಕೆಲಸ. ಘಾಟಿ ಇಳಿಯುತ್ತಿದ್ದಂತೆ ಬೆವರು ಶುರುವಾಯಿತು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಅಲ್ಲಿಯದು ಬೇಯಿಸುತ್ತದೆ. ಸುಮಾರು ಮುನ್ನೂರು ಕಿಲೋಮೀಟರ್ ಮುಗಿಸಿ ಮಲ್ಪೆ ತಲುಪಿದಾಗ ಒಂದು ಗಂಟೆ ಮೀರಿತ್ತು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಬಂಗುಡೆ ಫ್ರೈ. ಅಣ್ಣ ಎರಡು ತಟ್ಟೆ ಫ್ರೈ ತರಿಸಿಕೊಂಡ.

ಮೂರು ಗಂಟೆಗೆ ನೀರಿಗಿಳಿದೆವು. ನಾನು ಹಾಕಿದ ಲೆಕ್ಕವೆಲ್ಲ ಸರಿಯಾಗಿತ್ತು. ಅಲೆ ಹದವಾಗಿತ್ತು, ಮರಳು ಕಾಲಿಡುವಷ್ಟು ಆರಿತ್ತು. ಕಾವಲಿನವನು ಸೀಟಿ ಊದಿ ದೂರ ಹೋದವರನ್ನು ಕರೆಯುತ್ತಿದ್ದ. ಮಕ್ಕಳು ಕೂಗಾಡಿದವು, ನಮ್ಮ ಜೊತೆ ಬಂದಿದ್ದ ನನ್ನ ಅಕ್ಕ ಸೀರೆ ಎತ್ತಿಕಟ್ಟಿ ಕೂತೇಬಿಟ್ಟಳು, ಪ್ರೇಮ ನನ್ನ ಮೇಲೆ ನೀರೆರಚಿದಳು. ನನಗೂ ಖುಷಿಯಾಯಿತು, ಸುಳ್ಳು ಹೇಳಬಾರದು. ಒಂದು ಅಲೆ ಬಂದು ಬಾಯಿಗೇ ಹೊಡೆಯಿತು. ನೀರು ಬರೀ ಉಪ್ಪಲ್ಲ, ನುಂಗಿದ ಮೇಲೆ ಗಂಟಲಲ್ಲಿ ಕಹಿ ಉಳಿಯುತ್ತದೆ.

ಆಗ ಪಕ್ಕದಲ್ಲಿದ್ದ ಒಬ್ಬ ಹೆಂಗಸು ನನ್ನನ್ನು ಕರೆದರು. ಧಾರವಾಡ ಕಡೆಯ ಮಾತು, ಇಳಕಲ್ ಸೀರೆ, ಅತ್ತಿಗೆಯದೇ ವಯಸ್ಸು. "ತಮ್ಮಾ, ಸ್ವಲ್ಪ ಕೈ ಹಿಡೀರಿ, ಒಬ್ಬಾಕೀಗೆ ಅಂಜಿಕಿ ಬರ್ತದ" ಎಂದರು. ಕೈ ಹಿಡಿದೆ. ಅಲೆ ಹಿಂದಕ್ಕೆ ಹೋಗುವಾಗ ಪಾದದ ಕೆಳಗಿನ ಮರಳು ಸರಿಯಿತು. ಅವರು ಹುಡುಗಿಯಂತೆ ನಕ್ಕು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಕೆಲಸ ಮಾಡಿ ಗಟ್ಟಿಯಾದ ಕೈ. ನಿಮ್ಮ ಮನೆಯವರು ಯಾರು ಯಾರು ಬಂದಿದ್ದೀರಿ ಎಂದು ಕೇಳಿದರು.

"ಎಲ್ರೂ ಬಂದಿದೀವಿ" ಎಂದೆ.

ಆ ಮಾತು ಬಾಯಿಂದ ಬಿದ್ದದ್ದೇ ನನಗೆ ಮೈ ಹಿಡಿಯಷ್ಟಾಯಿತು. ಊರಿನಲ್ಲಿ ಅಂಥದೇ ಕೈಯೊಂದು ಆ ಹೊತ್ತಿಗೆ ರಾಣಿಯ ಕೆಚ್ಚಲು ತೊಳೆಯುತ್ತಿತ್ತು. ಇಲ್ಲಿ ನಾನು ಯಾರದೋ ಕೈ ಹಿಡಿದು ಕಡಲು ತೋರಿಸುತ್ತಿದ್ದೆ. ನಾಚಿಕೆಯಾಯಿತು, ಟೀ ಅಂಗಡಿಯಲ್ಲಿ ಆದಂಥದ್ದಲ್ಲ. ಅದು ಹೊರಗಿನ ನಾಚಿಕೆ, ನಾಲ್ಕು ದಿನಕ್ಕೆ ಹೋಗುತ್ತದೆ. ಸೂರ್ಯ ಮುಳುಗುವುದನ್ನು ಎಲ್ಲರೂ ಫೋನಿನಲ್ಲಿ ಹಿಡಿದರು, ನಾನು ಹೋಗಿ ಗಾಡಿಯಲ್ಲಿ ಕೂತೆ.

ಇಷ್ಟೆಲ್ಲ ನಾಚಿಕೆಪಟ್ಟವನು ಆ ಬಾಟಲಿಯನ್ನಾದರೂ ನೆನೆಯಬೇಕಿತ್ತು. ನೆನೆಯಲಿಲ್ಲ. ಮರುದಿನ ಬೆಳಿಗ್ಗೆ ಬನ್ಸ್, ಟೀ ಮುಗಿಸಿ ಹೊರಟೆವು. ಒದ್ದೆ ಬಟ್ಟೆಯ ಚೀಲಗಳನ್ನೆಲ್ಲ ಅತ್ತಿಗೆಯ ಸೀಟಿನ ಮೇಲೆ ಒಟ್ಟಿದೆವು. ಘಾಟಿ ಹತ್ತಿ ಸಕಲೇಶಪುರದ ಹೋಟೆಲಿನ ಮುಂದೆ ಊಟಕ್ಕಿಳಿಯುವಾಗ ಚೀಲವೊಂದು ಜಾರಿತು, ಸೀಟಿನ ಹಿಂದಿನ ಜಾಲರಿಯಲ್ಲಿ ಕೆಂಪು ದಾರ ಕಾಣಿಸಿತು. ಬಾಟಲಿ ಒಣಗಿಯೇ ಇತ್ತು. ಮಲ್ಪೆ ನೂರೈವತ್ತು ಕಿಲೋಮೀಟರಿಗೂ ಹಿಂದೆ ಉಳಿದಿತ್ತು.

ಊಟ ಮುಗಿದ ಮೇಲೆ ನಾನು ಹೋಟೆಲಿನ ಕೈತೊಳೆಯುವ ನಲ್ಲಿಯಲ್ಲಿ ಬಾಟಲಿ ತುಂಬಿಸಿದೆ. ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲಿನಿಂದ ಮೂರು ಚಮಚ ಹಾಕಿ ಅಲ್ಲಾಡಿಸಿದೆ. ಪ್ರೇಮ ನೋಡುತ್ತಿದ್ದಳು. "ಬ್ಯಾಡ ಕಣ್ರೀ. ಮರ್ತೋಯ್ತು ಅನ್ನಿ, ಬೈಸ್ಕೊಳ್ಳಿ. ಉಪ್ಪು ತಿಂದೋರು ನೀರು ಕುಡೀಲೇಬೇಕು" ಎಂದಳು. ಅವರಿಗೇನು ಗೊತ್ತಾಗುತ್ತೆ, ಖುಷಿಪಡ್ತಾರೆ, ಅಷ್ಟು ಸಾಕಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪಿತ್ತು, ಕಹಿ ಇರಲಿಲ್ಲ.

ಐದು ಗಂಟೆಗೆ ಊರು ಸೇರಿದೆವು. ಅಣ್ಣ ಜಗಲಿಯಲ್ಲಿ ಕೂತು ಜವರಣ್ಣನಿಗೆ ಅಲೆಯ ಎತ್ತರ ತೋರಿಸತೊಡಗಿದ. ನಾನು ಬಾಟಲಿ ಹಿಡಿದು ಕೊಟ್ಟಿಗೆಗೆ ಹೋದೆ. ಅತ್ತಿಗೆ ಅದೇ ನೀಲಿ ಸೀರೆ ಉಡುವುದಕ್ಕೆ ಗೂಟದತ್ತ ಕೈ ಚಾಚಿದ್ದರು, ನನ್ನನ್ನು ಕಂಡು ನಿಂತರು. ಮಕ್ಕಳೆಲ್ಲ ನೀರಿಗಿಳಿದವಾ, ಯಾರಿಗೂ ಏನೂ ಆಗಲಿಲ್ಲ ತಾನೆ ಎಂದು ಕೇಳಿದರು. ಆಮೇಲೆ ಬಾಟಲಿ ನೋಡಿದರು. ಕೈ ತೊಳೆದುಕೊಂಡು ಬಂದು, ತೀರ್ಥಕ್ಕೆ ಹಿಡಿಯುವಂತೆ ಅಂಗೈ ಗುಳಿ ಮಾಡಿ ಹಿಡಿದರು. ನಾನು ಸುರಿದೆ. ಕಣ್ಣು ಮುಚ್ಚಿ ನಾಲಿಗೆಗೆ ಮುಟ್ಟಿಸಿದರು.

"ನಿಜ್ವಾಗ್ಲೂ ಉಪ್ಪೇ ಕಣಪ್ಪ" ಎಂದರು. ಉಳಿದ ಹನಿಗಳನ್ನು ತಲೆಗೆ ಸವರಿಕೊಂಡರು, ರಾಣಿಯ ಹಣೆಗೂ ಚಿಮುಕಿಸಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಷ್ಟು ದೂರದಿಂದ ಒತ್ಕೊಂಡು ಬಂದಿದ್ದೀಯ. ದೇವ್ರ ಮನೇಲಿ ಮಡಗ್ತೀನಿ. ಇನ್ನ ನಾನು ಓಗ್ದಿದ್ರೂವೆ ಚಿಂತಿಲ್ಲ ಬುಡು, ಕಂಡಂಗೇ ಆಯ್ತು."

ಅದನ್ನು ಕೇಳಿ ನಾನು ನಿಂತಲ್ಲೇ ಕುಗ್ಗಿಹೋದೆ. ಸೀರೆಗೆ ನಾಚಿ ಒಂದು ಪ್ರವಾಸ ತಪ್ಪಿಸಿದ್ದೆ. ಈಗ ಮೂರು ಚಮಚ ಉಪ್ಪು ಹಾಕಿ ಅವರ ಕಡಲನ್ನೇ ಮುಗಿಸಿಬಿಟ್ಟಿದ್ದೆ. ಹಾಗೇ ಬಿಟ್ಟರೆ ಅತ್ತಿಗೆ ಆ ನಲ್ಲಿ ನೀರಿಗೆ ದಿನಾ ಕೈ ಮುಗಿಯುತ್ತಾರೆ, ಮತ್ತೆಂದೂ ಹೋಗುವ ಮಾತೆತ್ತುವುದಿಲ್ಲ.

"ಅತ್ಗೆ, ಅದು ಸಮುದ್ರದ್ದಲ್ಲ" ಎಂದೆ. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ತರಾದು ಮರ್ತೋಯ್ತು. ಸಕಲೇಶಪುರದ ನಲ್ಲಿ ನೀರು. ಉಪ್ಪು ನಾನೇ ಹಾಕ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ಕೇಳಿ ಹಗುರಾಗುತ್ತಿದ್ದೆ. ತಲೆಗೆ ಸವರಿಕೊಂಡಿದ್ದ ನೀರನ್ನು ಸೆರಗಿನಿಂದ ಒರೆಸಿಕೊಂಡರು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು. ಆಮೇಲೆ ಬಾಟಲಿಯ ಕತ್ತಿನ ದಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರನ್ನು ರಾಣಿಯ ಬೂಸದ ಬಾನಿಗೆ ಸುರಿದರು. "ಉಪ್ಪು ದಂಡ ಯಾಕೆ ಮಾಡಾದು" ಎಂದರು, ನನಗಲ್ಲ, ಹಸುವಿಗೆ. ರಾಣಿ ಬಾನಿಯ ತಳದವರೆಗೂ ನೆಕ್ಕಿತು.

ಹೊರಗೆ ಜಗಲಿಯಲ್ಲಿ ಅಣ್ಣನೂ ಜವರಣ್ಣನೂ ನಗುತ್ತಿದ್ದರು. ಅತ್ತಿಗೆ ಗೂಟದಿಂದ ಸೀರೆ ತೆಗೆದು ನನ್ನ ಹೆಗಲ ಮೇಲೆ ಹಾಕಿದರು, ಹಾಲಿನ ಪಾತ್ರೆಯನ್ನು ನನ್ನ ಕಾಲ ಬಳಿ ಇಟ್ಟರು. ಬಾಗಿಲು ದಾಟುವಾಗ ತಿರುಗಿದರು.

"ಉಟ್ಕೊ. ಬಾಗ್ಲು ಮುಚ್ಬ್ಯಾಡ ಕಣ್ಲಾ" ಎಂದರು.

ನಾನು ಸೀರೆ ಸುತ್ತಿಕೊಂಡು ಕೂತೆ. ಜಗಲಿಯ ನಗು ಒಮ್ಮೆಲೇ ನಿಂತು, ಮತ್ತೆ ಜೋರಾಗಿ ಶುರುವಾಯಿತು. ರಾಣಿ ಮೂಸಿ ನೋಡಿ ಹಾಲು ಇಳಿಸಿತು. ತೆರೆದ ಬಾಗಿಲಿನಾಚೆ ಅಂಗಳದಲ್ಲಿ, ಒದ್ದೆ ಬಟ್ಟೆ ಹರವುತ್ತಿದ್ದ ಪ್ರೇಮಳನ್ನು ಅತ್ತಿಗೆ ಕೇಳುತ್ತಿದ್ದರು, ಪೇಟೆಯಿಂದ ಮಲ್ಪೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು.